ಅಡವಿಗೆ ಅಟ್ಟಿದ ಹೋತ

ಒಬ್ಬರ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದಾಗ ಇಂಗ್ಲಿಷಿನವರು ಆ ಬಡಪಾಯಿಯನ್ನು ‘ಸ್ಕೇಪ್‌ಗೋಟ್’ ಎನ್ನುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ನಮ್ಮ ಗಾದೆಗೆ ಹತ್ತಿರದ ಮಾತು. ಈ ಪದವನ್ನು ಕಟ್ಟಿದವನು ವಿಲಿಯಂ ಟಿಂಡೇಲ್. ಬೈಬಲ್ಲಿನ ಮೊದಲ ಐದು ಪುಸ್ತಕಗಳನ್ನು ಹೀಬ್ರೂವಿನಿಂದ ಅನುವಾದಿಸಿ 1530ರಲ್ಲಿ ಅಚ್ಚು ಹಾಕಿಸಿದಾಗ ಅದು ಮೊದಲು ಕಾಣಿಸಿಕೊಂಡಿತು. ಆರು ವರ್ಷಗಳ ಮೇಲೆ ಅವನನ್ನೇ ಧರ್ಮದ್ರೋಹಿಯೆಂದು ಕತ್ತು ಹಿಸುಕಿ ಸುಟ್ಟರು. ಪದ ಮಾತ್ರ ಬದುಕಿತು, ಅರ್ಥ ಬದಲಿಸಿಕೊಂಡು. ಶಾಸ್ತ್ರದ ಮಾತು ನುಡಿಗಟ್ಟಾಗಿ ಬೀದಿಗೆ ಬಂದಾಗ, ಕೇಳುವವನನ್ನೇ ತಡೆದು ಪ್ರಶ್ನಿಸುವ ಅದರ ಗುಣ ಎಲ್ಲಕ್ಕಿಂತ ಮೊದಲು ಸವೆಯುತ್ತದೆ ಎಂಬುದು ನನ್ನ ವಾದ.

ಆ ಪದ ಬರುವ, ಬೈಬಲ್ಲಿನ ಯಾಜಕಕಾಂಡದ 16ನೆಯ ಅಧ್ಯಾಯ ತೆಗೆದು ನೋಡಬೇಕು. ವರ್ಷಕ್ಕೊಮ್ಮೆ, ದೋಷಪರಿಹಾರಕ ದಿನದಂದು, ಎರಡು ಹೋತಗಳನ್ನು ತಂದು ಚೀಟು ಹಾಕುತ್ತಾರೆ. ಒಂದು ದೇವರಿಗೆ ಬಲಿ. ಇನ್ನೊಂದರ ತಲೆಯ ಮೇಲೆ ಮಹಾಯಾಜಕ ತನ್ನ ಎರಡೂ ಕೈಗಳನ್ನಿಟ್ಟು, ಇಡೀ ಜನಾಂಗದ ಪಾಪಗಳನ್ನು ಬಾಯಿಬಿಟ್ಟು ಹೇಳಿ, ಅದನ್ನು ಅಡವಿಗೆ ಕಳಿಸಿಕೊಡುತ್ತಾನೆ. ಅದನ್ನು ಹೊಡೆದುಕೊಂಡು ಹೋದವನು ಬಟ್ಟೆ ಒಗೆದು ಮೈ ತೊಳೆದೇ ಪಾಳೆಯದೊಳಗೆ ಕಾಲಿಡಬೇಕು. ಆ ದಿನ ಜನ ಕೆಲಸ ಬಿಟ್ಟು ಉಪವಾಸವಿರುತ್ತಾರೆ. ಹೋತ ತಪ್ಪಿತಸ್ಥ ಎಂದು ಅಲ್ಲಿ ಯಾರೂ ನಂಬಿಲ್ಲ. ಅದು ಹೊತ್ತದ್ದು ತಮ್ಮ ಪಾಪ ಎಂಬುದು ನೆರೆದವರಿಗೆಲ್ಲ ಗೊತ್ತು, ಅದನ್ನು ಒಪ್ಪಿಕೊಳ್ಳದೆ ವಿಧಿ ಮುಂದೆ ಸಾಗುವಂತೆಯೇ ಇಲ್ಲ. ಇಂದಿನ ಬಳಕೆಯಲ್ಲಿ ಇದು ತಲೆಕೆಳಗಾಗಿದೆ: ತಪ್ಪನ್ನು ಒಪ್ಪಬಾರದೆಂದೇ ಇನ್ನೊಬ್ಬನನ್ನು ಹುಡುಕುತ್ತೇವೆ.

ಒಪ್ಪಿಕೊಂಡರೂ ಹೊರೆ ಮೂಕಪ್ರಾಣಿಯ ಮೇಲೆಯೇ ಬಿತ್ತಲ್ಲ, ಇದೂ ಜಾರಿಕೊಳ್ಳುವ ಉಪಾಯವೇ ಅಲ್ಲವೆ ಎಂದು ಕೇಳಬಹುದು. ಹೋತದ ಕಡೆಯಿಂದ ನೋಡಿದರೆ ಇದಕ್ಕೆ ಸಮಾಧಾನವಿಲ್ಲ. ಆದರೆ ಜಾರಿಕೊಳ್ಳುವ ದಾರಿಯನ್ನು ಯೆಹೂದಿ ಪರಂಪರೆಯೇ ಮುಚ್ಚಿದೆ. ದೇವರಿಗೆ ಮಾಡಿದ ಅಪರಾಧ ಆ ದಿನ ಕಳೆಯುತ್ತದೆ, ನೆರೆಯವನಿಗೆ ಮಾಡಿದ್ದು ಅವನನ್ನು ಸಮಾಧಾನಪಡಿಸುವ ತನಕ ಕಳೆಯುವುದಿಲ್ಲ ಎಂದು ಯೆಹೂದಿ ಧರ್ಮಗುರುಗಳಾದ ರಬ್ಬಿಗಳ ಕಟ್ಟಳೆಗಳ ಸಂಗ್ರಹ ಮಿಶ್ನಾ ವಿಧಿಸುತ್ತದೆ. ಫ್ರೆಂಚ್ ಚಿಂತಕ ರೆನೆ ಜಿರಾರ್ 1982ರ ತನ್ನ ಪುಸ್ತಕದಲ್ಲಿ ವಿವರಿಸಿದ್ದು ಇನ್ನೊಂದು ಬಗೆಯ ಬಲಿಯನ್ನು: ಗುಂಪು ತಾನು ಹಿಡಿದವನೇ ಅಪರಾಧಿ ಎಂದು ಮನಸಾರೆ ನಂಬಿದರೆ ಮಾತ್ರ ಅದು ಫಲಿಸುತ್ತದೆ. ಹಾಗಾದರೆ ಪಾಪ ತಮ್ಮದೇ ಎಂದು ಕೂಗಿ ಹೇಳಿಸುವ ಯಾಜಕಕಾಂಡದ ವಿಧಿ ಆ ನಂಬಿಕೆಗೇ ಅಡ್ಡ ಬರುತ್ತದೆ.

ಬೈಬಲ್ಲಿನದೇ ಆದ ‘ಕಣ್ಣಿಗೆ ಕಣ್ಣು’ ಎಂಬುದರ ಕಥೆಯೂ ಹೆಚ್ಚು ಬೇರೆಯಲ್ಲ. ಸೇಡಿಗೆ ಮಿತಿ ಹಾಕಿದ ಕಾನೂನು ಅದು, ರಬ್ಬಿಗಳು ಅದನ್ನು ಹಣದ ಪರಿಹಾರವೆಂದೇ ಓದಿದರು. ಈಗ ಸೇಡಿನ ಘೋಷಣೆಯಾಗಿದೆ.

ಮೂಲದ ಅರ್ಥವೇ ನಿಜವಾದದ್ದು ಎಂದು ಹಟ ಹಿಡಿಯುವುದು ತಪ್ಪು, ಮಾತು ಆಡುವವರ ಸೊತ್ತು ಎಂದು ಭಾಷಾಶಾಸ್ತ್ರಿಗಳು ಆಕ್ಷೇಪಿಸುತ್ತಾರೆ. ಒಪ್ಪತಕ್ಕದ್ದೇ. ಬಳಕೆಯನ್ನು ತಿದ್ದುವುದು ನನ್ನ ಉದ್ದೇಶವಲ್ಲ, ಬದಲಾವಣೆ ಯಾವ ಕಡೆ ವಾಲುತ್ತದೆ ಎಂದಷ್ಟೇ ಕೇಳುತ್ತಿದ್ದೇನೆ. ‘ಗುಡ್ ಸಮಾರಿಟನ್’ ನೋಡಿ. ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಕಥೆಯಲ್ಲಿ, ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಯಾಜಕನೂ ದೇವಾಲಯದ ಸೇವೆಯ ಕುಲದವನಾದ ಲೇವಿಯನೂ ಕಂಡೂ ಕಾಣದಂತೆ ದಾಟಿ ಹೋಗುತ್ತಾರೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ಛತ್ರಕ್ಕೆ ಒಯ್ದು, ಎರಡು ಬೆಳ್ಳಿ ನಾಣ್ಯ ಕೊಟ್ಟವನು ಸಮಾರ್ಯದವನು. ಯೇಸುವಿನ ಎದುರಿಗಿದ್ದ ಯೆಹೂದ್ಯರಿಗೆ ಸಮಾರ್ಯದವರೆಂದರೆ ಆಗದು. ನೀನು ಹೇಸುವವನೇ ನಿನ್ನ ನೆರೆಯವನಾದರೆ ಏನು ಮಾಡುತ್ತೀಯೆ ಎಂಬುದು ಕಥೆಯ ಚುಚ್ಚು. ನುಡಿಗಟ್ಟಿನಲ್ಲಿ ಉಳಿದವನು ಪರೋಪಕಾರಿ, ಹೇಸಿಕೆ ಮಾಯ.

ಆದರೂ ಮೊಂಡಾದ ಮಾತು ನಿರುಪಯೋಗಿ ಎನ್ನಲಾಗದು. 2019ರ ತಿದ್ದುಪಡಿಯಲ್ಲಿ ಭಾರತದ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ಇದೇ ಹೆಸರಿನಲ್ಲಿ, ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಕಾನೂನಿನ ರಕ್ಷಣೆ ಕೊಡುತ್ತದೆ. ಕರ್ನಾಟಕ ಅದಕ್ಕೂ ಮೊದಲೇ ತನ್ನದೇ ಶಾಸನ ತಂದಿತ್ತು. ಪೊಲೀಸು, ಕೋರ್ಟು ಎಂದು ಹೆದರಿ ದಾಟಿ ಹೋಗುತ್ತಿದ್ದವರಿಗೆ ಇದರಿಂದ ಧೈರ್ಯ ಬಂದರೆ ಲೂಕನ ಓದುಗರು ದೂರಬೇಕಾದ್ದೇನಿಲ್ಲ. ಕಾನೂನು ಹೆದರಿಕೆಯನ್ನು ತೆಗೆಯಬಲ್ಲದು. ಆ ಯಾಜಕ ಹೆದರಿ ದಾಟಿದನೋ, ಮೈಲಿಗೆಯೆಂದು ದಾಟಿದನೋ, ಕಥೆ ಹೇಳುವುದಿಲ್ಲ. ಮೈಲಿಗೆಯಾದರೆ ಅದಕ್ಕೆ ಕಲಂ ಇಲ್ಲ.