ಕಲಶವಿಲ್ಲದ ಜೀರ್ಣೋದ್ಧಾರ

ನಮ್ಮ ಕರಾವಳಿಯಲ್ಲಿ ಗರ್ಭಗುಡಿ ಬಿಚ್ಚುವ ಮೊದಲು ತಂತ್ರಿಗಳು ಬಿಂಬದ ಶಕ್ತಿಯನ್ನು ಕಲಶದ ನೀರಿಗೆ ಇಳಿಸಿ ಬಾಲಾಲಯವೆಂಬ ತಾತ್ಕಾಲಿಕ ಗುಡಿಗೆ ಒಯ್ಯುತ್ತಾರೆ. ಆಮೇಲೆ ಕಲ್ಲು, ಮರ, ಒಮ್ಮೊಮ್ಮೆ ಬಿಂಬವೇ ಬದಲಾದರೂ ಬ್ರಹ್ಮಕಲಶ ಮುಗಿದ ಮೇಲೆ ದೇವರು ಹೊಸಬರೆಂದು ಯಾರೂ ಹೇಳುವುದಿಲ್ಲ. ಹಳೇ ಹರಕೆ ಬಾಕಿ ಹಾಗೇ ಉಳಿಯುತ್ತದೆ!

ಅರ್ಚಕರ ಮನೆಯಲ್ಲಿ ಹುಟ್ಟಿ, ಹೊಟ್ಟೆಪಾಡಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಿಲೇಗಳ ಧೂಳು ಒರೆಸಿದವನು ನಾನು. ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಕೊಲೊಸಸ್ ಯಂತ್ರವನ್ನು ಮತ್ತೆ ಕಟ್ಟಿದ ಕತೆ ಅದಕ್ಕೇ ನನಗೆ ಎರಡು ಕಡೆಯಿಂದಲೂ ಹತ್ತಿರ. 1943–44ರಲ್ಲಿ ಅದನ್ನು ನಿರ್ಮಿಸಿದ ಟಾಮಿ ಫ್ಲವರ್ಸ್ ನಮ್ಮ ಕಸುಬಿನವರೇ, ಅಲ್ಲಿನ ಅಂಚೆ ಇಲಾಖೆಯ ಟೆಲಿಫೋನ್ ಎಂಜಿನಿಯರ್. ಜರ್ಮನ್ನರ ಲೊರೆಂಜ್ ಗುಪ್ತಲಿಪಿ ಒಡೆಯಲು ಹತ್ತು ಯಂತ್ರಗಳಾದವು. ಯುದ್ಧ ಮುಗಿದದ್ದೇ ತಡ, ಎಂಟನ್ನು ಬಿಚ್ಚಿಹಾಕಿದರು. ಉಳಿದೆರಡೂ ಆಮೇಲೆ ಹೋದವು. 1960ರಲ್ಲಿ ಅಪ್ಪಣೆ ಬಂದಾಗ ಫ್ಲವರ್ಸ್ ನಕ್ಷೆಗಳನ್ನು ತಾವೇ ಬೆಂಕಿಗೆ ಹಾಕಿದರು.

1993ರಲ್ಲಿ ಟೋನಿ ಸೇಲ್ ಎಂಬವರು ಅದನ್ನು ಮತ್ತೆ ಕಟ್ಟುವ ಕೆಲಸ ಹಿಡಿದಾಗ ಕೈಯಲ್ಲಿದ್ದದ್ದು 1945ರ ಎಂಟು ಫೋಟೋ, ಹಳೆಯ ಎಂಜಿನಿಯರುಗಳು ಕದ್ದು ಇಟ್ಟುಕೊಂಡಿದ್ದ ಸರ್ಕ್ಯೂಟಿನ ಹರಕು ಚೀಟಿಗಳು. ಗುಜರಿಗೆ ಹೊರಟಿದ್ದ ಎಕ್ಸ್‌ಚೇಂಜ್ ಸಾಮಾನು ತಂದು, ಹವ್ಯಾಸಿಗಳೂ ನಿವೃತ್ತರೂ ಕೂಡಿ ಸುಮಾರು 2,500 ವಾಲ್ವ್‌ಗಳನ್ನು ಜೋಡಿಸಿದರು.

ಇದು ಕೊಲೊಸಸ್ಸೋ, ಅದರ ನಕಲೋ? ಗಾಲಿ, ಅಚ್ಚು, ನೊಗ ಒಂದೊಂದನ್ನೇ ಎತ್ತಿ ಕೇಳುತ್ತ ನಾಗಸೇನ ಭಿಕ್ಷು ರಥವೆಂಬುದು ಬರೀ ಹೆಸರೆಂದು ಮಿಲಿಂದ ರಾಜನನ್ನು ಒಪ್ಪಿಸಿದ. ರಥ ಮಾಡಿದ ಬಡಗಿಯನ್ನಾದರೆ ಒಪ್ಪಿಸುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ಅವಯವಗಳಿಗಿಂತ ಅವಯವಿ, ಅಂದರೆ ಇಡೀ ವಸ್ತು, ಬೇರೆ ಎನ್ನುವ ನ್ಯಾಯದರ್ಶನದ ನೈಯಾಯಿಕರು ನನಗೆ ಹೆಚ್ಚು ಹಿಡಿಸುತ್ತಾರೆ. ಆದರೆ ಬಿಡಿಭಾಗ ಚದುರಿದಾಗ ಅವಯವಿಯೂ ನಾಶ, ಮರಳಿ ಕಟ್ಟಿದ್ದು ಬೇರೆಯದೇ ಎಂದು ಅವರೂ ಕೈಬಿಡುತ್ತಾರೆ. ತಂತ್ರಿಗಳ ಪ್ರಶ್ನೆಯೇ ಬೇರೆ: ಬಿಚ್ಚಿ ಮತ್ತೆ ಕಟ್ಟುವ ನಡುವೆ ಅದರ ಶಕ್ತಿ ಎಲ್ಲಿತ್ತು, ಯಾರ ವಶದಲ್ಲಿತ್ತು?

ಕೊಲೊಸಸ್ಸಿಗೆ ಕಲಶ ಇಟ್ಟವರಿಲ್ಲ. ಆದರೂ ಗುಪ್ತಲಿಪಿಯ ಸಂದೇಶವನ್ನು ತೂತುಗಳಲ್ಲಿ ಹೊತ್ತು ಯಂತ್ರಕ್ಕೆ ಉಣಿಸುವ ಕಾಗದದ ಟೇಪನ್ನೇ ನೋಡಿ. ತುದಿಗೆ ತುದಿ ಅಂಟಿಸಿದ ಟೇಪು ಕಬ್ಬಿಣದ ಚೌಕಟ್ಟಿನ ರಾಟೆಗಳ ಮೇಲೆ ಸೆಕೆಂಡಿಗೆ 5,000 ಅಕ್ಷರದ ವೇಗದಲ್ಲಿ ಸುತ್ತುತ್ತದೆ. ಅಕ್ಷರದ ತೂತುಗಳ ಸಾಲಿನಲ್ಲೇ ಇನ್ನೊಂದು ಪುಟ್ಟ ತೂತಿದೆ. ಅದರ ಮೂಲಕ ಮಿನುಗುವ ಬೆಳಕೇ ಇಡೀ ಯಂತ್ರಕ್ಕೆ ತಾಳ. ಟೇಪು ಕೊಂಚ ನಿಧಾನಿಸಿದರೆ ಯಂತ್ರವೂ ಅಷ್ಟೇ ನಿಧಾನಿಸುತ್ತದೆ. ಫೋಟೋದಲ್ಲಿ ಚೌಕಟ್ಟು ಕಾಣುತ್ತದೆ, ಪಕ್ಕದಲ್ಲಿ ನಿಂತ ಇಬ್ಬರು ಹೆಂಗಸರೂ ಕಾಣುತ್ತಾರೆ. ಆ ತಾಳ ಕಾಣುವುದಿಲ್ಲ. ಯುದ್ಧಕಾಲದಲ್ಲಿ ಟೇಪು ಓದುವ ಭಾಗ ರೂಪಿಸಿದ್ದ ಆರ್ನಾಲ್ಡ್ ಲಿಂಚ್ ಇನ್ನೂ ಬದುಕಿದ್ದರು. ಅವರೇ ಬಂದು ಅದನ್ನು ಮತ್ತೆ ರೂಪಿಸಲು ನೆರವಾದರು. ನನ್ನ ಮಟ್ಟಿಗೆ ಕಲಶವೆಂದರೆ ಆ ತಲೆ, ಆ ಕೈ, ಆ ಹರಕು ಚೀಟಿಗಳು. ಇಂಥವು ಇಲ್ಲದೆ ಕಟ್ಟಿದ್ದರೆ ನಕಲು ಎನ್ನಲು ನಾನೂ ಹಿಂಜರಿಯುತ್ತಿರಲಿಲ್ಲ.

ಕಸಿವಿಸಿಯೊಂದು ಉಳಿದೇ ಇದೆ. ಚೀಟಿ ಇಟ್ಟುಕೊಂಡವರು ಕಾನೂನು ಮುರಿದರು, ನಕ್ಷೆ ಸುಟ್ಟ ಫ್ಲವರ್ಸ್ ಪಾಲಿಸಿದರು. ಶಾಸ್ತ್ರ ಬಲ್ಲ ನನ್ನಪ್ಪನಾಗಿದ್ದರೆ ಫ್ಲವರ್ಸ್ ಪರ ನಿಲ್ಲುತ್ತಿದ್ದರು. ನಾನು ಚೀಟಿಯವರ ಪರ. 1996ರ ಜೂನ್ 6ರಂದು ಯಂತ್ರ ಚಾಲೂ ಮಾಡಿದಾಗ ತೊಂಬತ್ತರ ಫ್ಲವರ್ಸ್ ಅಲ್ಲೇ ಇದ್ದರು.