ಮನೆಯಿಲ್ಲದ ಮಗುವೂ ವಿದ್ಯಾದಾಸೋಹವೂ

ದಾನಕ್ಕೂ ದಾಸೋಹಕ್ಕೂ ಶರಣರು ಕಂಡ ಅಂತರವು ಬರಿಯ ಮಾತಿನ ಅಂತರವಲ್ಲ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ; ಕೊಡುವುದೂ ನಿಲ್ಲಿಸುವುದೂ ದಾನಿಯ ಇಚ್ಛೆ. ದಾಸೋಹದಲ್ಲಿಯಾದರೋ ಕೊಡುವವನೇ ದಾಸನು. ಸಲ್ಲಬೇಕಾದವರಿಗೆ ಸಲ್ಲಬೇಕಾದುದನ್ನು ಸಲ್ಲಿಸಿದೆನೆಂಬುದಷ್ಟೇ ಅವನ ಭಾವ. ಅನ್ನದ ವಿಷಯದಲ್ಲಿ ಈ ತತ್ತ್ವವನ್ನು ನಾವು ಬಲ್ಲೆವು. ಮನೆಯೇ ಇಲ್ಲದ ಮಗುವಿನ ವಿದ್ಯೆಯ ವಿಷಯದಲ್ಲಿ ಅದು ಹೇಗೆ ಅನ್ವಯಿಸುತ್ತದೆಂಬುದನ್ನು ಅಮೆರಿಕಾ ದೇಶದಲ್ಲಿ ನಡೆದ ಒಂದು ವ್ಯಾಜ್ಯದ ಮೂಲಕ ವಿಚಾರಿಸಬಹುದು.

ಆ ಸಿರಿವಂತ ನಾಡಿನಲ್ಲಿಯೂ ಬಾಡಿಗೆ ತೆರಲಾರದೆ ಮನೆ ಕಳೆದುಕೊಂಡು, ಆಶ್ರಯಧಾಮಗಳಲ್ಲಿಯೋ ಬಂಧುಗಳ ಮನೆಯ ಮೂಲೆಯಲ್ಲಿಯೋ ಕಾರಿನೊಳಗೆಯೋ ಇರುಳು ಕಳೆಯುವ ಸಂಸಾರಗಳುಂಟು. ಇಂತಹ ಮಗುವು ಶಾಲೆಯ ಬಾಗಿಲಿಗೆ ಹೋದಾಗ ವಿಳಾಸವನ್ನು ಕೇಳುವರು, ಹಿಂದಿನ ಶಾಲೆಯ ಪತ್ರವನ್ನು ಕೇಳುವರು, ಲಸಿಕೆಯ ಚೀಟಿಯನ್ನು ಕೇಳುವರು. ಮನೆಯೇ ಹೋದ ಮೇಲೆ ಕಾಗದಗಳು ಎಲ್ಲಿ ಉಳಿಯಬೇಕು? ಈ ತಡೆಗಳನ್ನು ನಿವಾರಿಸಲೆಂದು 1987ರಲ್ಲಿ ಅಲ್ಲಿ ಮೆಕಿನ್ನಿ ಕಾಯಿದೆಯು ಬಂದಿತು. ಕೇಂದ್ರ ಸರಕಾರವು ಧನಸಹಾಯ ಕೊಡುವುದು, ಅದನ್ನು ಪಡೆದವರು ಮನೆಯಿಲ್ಲದ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವ ಹೊಣೆ ಹೊರುವುದು, ಇದು ಅದರ ಕ್ರಮ.

ರಾಜಧಾನಿಯಾದ ವಾಷಿಂಗ್ಟನ್ ನಗರವೂ ಆ ಹಣವನ್ನು ಪಡೆಯಿತು. ಆದರೆ ಮಕ್ಕಳಿಗೆ ಶಾಲೆಗೆ ಹೋಗಿಬರುವ ಅನುಕೂಲವು ದೊರೆಯಲಿಲ್ಲ. ಕೆಲವರು ತಂದೆತಾಯಿಗಳು, ನಿರ್ವಸಿತರ ಪರವಾಗಿ ದುಡಿಯುವ ಒಂದು ವಕೀಲ ಸಂಸ್ಥೆಯ ನೆರವಿನಿಂದ, 1992ರಲ್ಲಿ ದಾವೆ ಹೂಡಿದರು. ಈ ಕಾಯಿದೆಯ ಬಲದಿಂದ ನ್ಯಾಯ ಕೇಳುವ ಅಧಿಕಾರವೇ ನಿಮಗಿಲ್ಲವೆಂದು ಮೊದಲ ನ್ಯಾಯಾಲಯವು ಅದನ್ನು ವಜಾ ಮಾಡಿತು. 1994ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಈ ತೀರ್ಪನ್ನು ತಳ್ಳಿ, ಮಕ್ಕಳಿಗೆ ಆ ಹಕ್ಕು ಇದೆಯೆಂದು ಸಾರಿತು. ವಕೀಲವೃತ್ತಿಯನ್ನು ಕಾಯಕವೆನ್ನಲು ಹಿಂಜರಿಯುವವರು ನಮ್ಮಲ್ಲಿದ್ದಾರೆ. ಇದು ಕಾಯಕವಲ್ಲದೆ ಮತ್ತೇನು?

ಮುಂದಿನದೇ ವಿಚಾರಣೀಯ. ಆಜ್ಞೆಯನ್ನು ಪಾಲಿಸಬೇಕಾಗಿ ಬಂದಾಗ ಆ ನಗರವು ಯೋಜನೆಯ ಹಣವನ್ನೇ ಬೇಡವೆಂದು ಬಿಟ್ಟುಕೊಟ್ಟಿತು! ಹಣ ಪಡೆದರೆ ತಾನೆ ಹೊಣೆ? 1995ರಲ್ಲಿ ನ್ಯಾಯಾಲಯದ ಆಜ್ಞೆಯು ರದ್ದಾಯಿತು. ಮುಂದೆ ಆ ನಗರವು ಯೋಜನೆಗೆ ಮರಳಿತು, ಕಾಯಿದೆಯೂ ಬಲಗೊಂಡಿತು. ಕಾಗದಪತ್ರಗಳಿಲ್ಲದಿದ್ದರೂ ಮಗುವನ್ನು ಒಡನೆಯೇ ಸೇರಿಸಿಕೊಳ್ಳಬೇಕೆಂಬುದು ಈಗ ಅಲ್ಲಿಯ ನಿಯಮ. ಆದರೂ ಅಂದು ಗೆದ್ದ ಮಕ್ಕಳು ಗೆದ್ದೂ ಸೋತರು.

ಕರುಣೆಯಿಂದ ಆಗುವ ಕೆಲಸವನ್ನು ಕಟಕಟೆಗೆ ಎಳೆದರೆ ಕರುಣೆಯೇ ಬತ್ತುವುದೆಂದು ಹಿರಿಯರು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆಜ್ಞೆಗೆ ಅಂಜಿ ತೆರೆದ ಬಾಗಿಲಲ್ಲಿ ಆದರವಿರುವುದು ವಿರಳ. ಆದರೆ ವಾಷಿಂಗ್ಟನ್ನಿನಲ್ಲಿ ಹಿಂದೆಗೆದುದು ದಾನಿಯ ಕೈ. ಇಚ್ಛೆಯಿದ್ದಾಗ ಕೊಟ್ಟು, ಕಷ್ಟವಾದಾಗ ಬಿಡುವುದಕ್ಕೆ ಅಲ್ಲಿ ದಾರಿ ಉಳಿದಿತ್ತು. ದಾಸೋಹಿಗೆ ಆ ದಾರಿಯಿಲ್ಲ. ಸಲ್ಲಬೇಕಾದುದು ಸಲ್ಲದಿದ್ದಾಗ ಕೇಳುವವನು ಭಿಕ್ಷುಕನೂ ಅಲ್ಲ, ಕೃತಘ್ನನೂ ಅಲ್ಲ.

ಇನ್ನೊಂದು ಮಾತು. ಜಂಗಮವೆಂದರೆ ಚಲಿಸುವುದು. ಊರೂರು ತಿರುಗುವ ಮಗುವನ್ನು ದೀಕ್ಷೆಯ ಅರ್ಥದಲ್ಲಿ ಜಂಗಮನೆಂದು ನಾನು ಹೇಳುತ್ತಿಲ್ಲ. ಆದರೆ ಬಂದ ಜಂಗಮನ ಮನೆಯೆಲ್ಲಿಯೆಂದು ಕೇಳದೆ ಪಾದ ತೊಳೆಯುವ ಸಂಪ್ರದಾಯದವರು, ಕಬ್ಬು ಕಡಿಯುವವರ ಹಿಂದೆ, ಕಟ್ಟಡದ ಕೂಲಿಗಳ ಹಿಂದೆ ಬಂದ ಮಗುವಿನ ಖಾಯಂ ವಿಳಾಸಕ್ಕಾಗಿ ಪಟ್ಟು ಹಿಡಿಯುವುದು ಸೋಜಿಗವಲ್ಲವೆ?

ನಮ್ಮ ದೇಶದ ಕಟ್ಟಳೆಯು ಈ ವಿಷಯದಲ್ಲಿ ಹೆಚ್ಚು ದೃಢವಾದುದು. 2002ರ ತಿದ್ದುಪಡಿಯು ಸಂವಿಧಾನದಲ್ಲಿಯೇ ಈ ಹಕ್ಕನ್ನು ಇಟ್ಟುದರಿಂದ, ಹಣ ಬೇಡವೆಂದು ಹೊಣೆ ಕಳಚಿಕೊಳ್ಳಲು ಯಾವ ಸರಕಾರಕ್ಕೂ ಬರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ವಯಸ್ಸಿನ ದಾಖಲೆಯಿಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾಯಿತೆಂದು ಹೊರಗೆ ನಿಲ್ಲಿಸುವಂತಿಲ್ಲ. ಆದರೆ ಇದೆಲ್ಲವೂ 6ರಿಂದ 14 ವರ್ಷದವರಿಗೆ ಮಾತ್ರ. ಅಮೆರಿಕೆಯ ಕಾಯಿದೆಯಾದರೋ ಪ್ರೌಢಶಾಲೆ ಮುಗಿಯುವವರೆಗೂ, ಪೋಷಕರಿಲ್ಲದೆ ಒಂಟಿಯಾಗಿ ಅಲೆಯುವ ಹರೆಯದವರನ್ನೂ ಕಾಯುತ್ತದೆ. ನಮ್ಮಲ್ಲಿ ಬಸ್ ನಿಲ್ದಾಣದಲ್ಲಿ ಮಲಗುವ ಹದಿನೈದರ ಹುಡುಗನು ಓದಬೇಕೆಂದು ಬಂದರೆ, ಆ ಕಾಯಿದೆಯ ಪುಟದಲ್ಲಿ ಅವನಿಗೆ ಎಡೆಯಿಲ್ಲ. ಅವನು ನೇರವಾಗಿ ನಮ್ಮ ಪ್ರಸಾದ ನಿಲಯಗಳ ಬಾಗಿಲಿಗೇ ಬರುತ್ತಾನೆ, ಕೈಯಲ್ಲಿ ಯಾವ ಕಾಗದವೂ ಇಲ್ಲದೆ.