ಯಾವ ಕಥೆ ಲೆಕ್ಕಕ್ಕೆ?

2014ರ ಏಪ್ರಿಲ್ 25ರಂದು ಲ್ಯೂಕಸ್‌ಫಿಲ್ಮ್ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ‘ಸ್ಟಾರ್ ವಾರ್ಸ್’ ಹೆಸರಿನಲ್ಲಿ ಅಲ್ಲಿಯವರೆಗೆ ಬಂದಿದ್ದ ನೂರಾರು ಕಾದಂಬರಿ, ಕಾಮಿಕ್ಸ್, ಗೇಮ್‌ಗಳು ಇನ್ನು ಮುಂದೆ ಅಧಿಕೃತ ಕಥೆಯ ಭಾಗವಲ್ಲ, ಅವು ‘ಲೆಜೆಂಡ್ಸ್’, ಅಂದರೆ ದಂತಕಥೆಗಳು ಎಂದು ಸಾರಿತು. ಆರು ಸಿನಿಮಾಗಳು, ‘ದಿ ಕ್ಲೋನ್ ವಾರ್ಸ್’ ಎಂಬ ಆನಿಮೇಷನ್ ಕಥೆ, ಇಷ್ಟೇ ಉಳಿದವು. ಕಂಪನಿಯನ್ನು ಡಿಸ್ನಿ ಕೊಂಡುಕೊಂಡು ಆಗ ಎರಡು ವರ್ಷವೂ ಆಗಿರಲಿಲ್ಲ.

ಈ ಸಿನಿಮಾಗಳನ್ನು ನೋಡಿದವರಿಗೆ ಮೈತುಂಬ ರೋಮವಿರುವ ಚ್ಯುಬಾಕ ಗೊತ್ತಿರುತ್ತಾನೆ. 1999ರಲ್ಲಿ ಬಂದ ‘ವೆಕ್ಟರ್ ಪ್ರೈಮ್’ ಕಾದಂಬರಿಯಲ್ಲಿ ಅವನು ಸತ್ತುಹೋದ. ಗೆಳೆಯ ಹಾನ್ ಸೋಲೊನ ಕಿರಿಮಗನನ್ನು ಉಳಿಸಿ, ತಾನು ಹಿಂದೆ ಉಳಿದು, ಆಕಾಶದಿಂದ ಕಳಚಿಬಿದ್ದ ಚಂದ್ರನೊಂದರ ಕೆಳಗೆ ಸಿಕ್ಕಿ ಸತ್ತ. ಓದಿದ ಎಷ್ಟೋ ಮಂದಿ ಅತ್ತರು. 2015ರ ಸಿನಿಮಾದಲ್ಲಿ ಅವನು ಏನೂ ಆಗದವನಂತೆ ನಡೆದು ಬಂದ. ಹಾನ್ ಸೋಲೊನ ಆ ಕಿರಿಮಗನೂ ಇಲ್ಲ, ಕಾದಂಬರಿಯಿಂದ ಕಾದಂಬರಿಗೆ ಬೆಳೆದ ಅವಳಿ ಮಕ್ಕಳೂ ಇಲ್ಲ, ಬೇರೊಬ್ಬ ಮಗನಿದ್ದಾನೆ. ಹಾಗಾದರೆ 1999ರಲ್ಲಿ ಅತ್ತವರು ಅತ್ತದ್ದು ಯಾರಿಗಾಗಿ?

ಎಲ್ಲವೂ ಕಟ್ಟುಕಥೆಯೇ ಆಗಿರುವಾಗ ಅದರಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಹಿರಿಯರು ನಗಬಹುದು. ಆದರೆ ಆಟಕ್ಕೆ ಅಂಪೈರ್ ಬೇಕು. ಹತ್ತಾರು ಲೇಖಕರು ಸೇರಿ ಒಂದೇ ಕಥೆಯನ್ನು ಮುಂದುವರಿಸುವಾಗ, ಸತ್ತವನು ಸತ್ತಿದ್ದಾನೋ ಬದುಕಿದ್ದಾನೋ ಎಂಬುದು ಮುಂದಿನವನಿಗೆ ತಿಳಿದಿರಲೇಬೇಕು. ಈ ಪ್ರಕಟಣೆಗೆ ಮೊದಲೇ ಕಂಪನಿಯೊಳಗೆ ‘ಹೋಲೊಕ್ರಾನ್’ ಎಂಬ ಡೇಟಾಬೇಸ್ ಇತ್ತು. ಅದರಲ್ಲಿ ಸಿನಿಮಾ ಮೇಲಿನ ಮೆಟ್ಟಿಲು, ಟಿವಿ ಸರಣಿ ಅದರ ಕೆಳಗೆ, ಕಾದಂಬರಿ ಇನ್ನೂ ಕೆಳಗೆ. ಮಾಲೀಕನಿಗೆ ಇಂಥ ಪಟ್ಟಿ ಮಾಡುವ ಹಕ್ಕು ಇದ್ದೇ ಇದೆ ಎಂದು ನಾವು ಒಪ್ಪುತ್ತೇವೆ. ಓದುಗನ ಕಣ್ಣೀರನ್ನು ಹಿಂದಕ್ಕೆ ಪಡೆಯುವ ಹಕ್ಕು ಇದೆ ಎಂದು ಮಾತ್ರ ಒಪ್ಪಲಾರೆವು.

ಇಂಥ ಪಟ್ಟಿಯನ್ನು ಅಭಿಮಾನಿಗಳು ‘ಕ್ಯಾನನ್’ ಎನ್ನುತ್ತಾರೆ. ಆ ಪದ ಹೋದದ್ದು ನಮ್ಮ ಮನೆಯಿಂದಲೇ. ಗ್ರೀಕಿನಲ್ಲಿ ಅದು ಅಳತೆಯ ಕೋಲು. ಧರ್ಮಸಭೆಯಲ್ಲಿ ಪವಿತ್ರಗ್ರಂಥಗಳ ಪಟ್ಟಿ. ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ತರುಣ 1911ರಲ್ಲಿ, ಬೈಬಲ್ ಪಂಡಿತರ ವಿಧಾನವನ್ನು ತಮಾಷೆಗಾಗಿ ಷರ್ಲಾಕ್ ಹೋಮ್ಸ್ ಕಥೆಗಳಿಗೆ ಹಚ್ಚಿ ಒಂದು ಪ್ರಬಂಧ ಓದಿದ. ಹೋಮ್ಸ್ ಅಭಿಮಾನಿಗಳು ಆ ತಮಾಷೆಯನ್ನು ಬಿಡಲೇ ಇಲ್ಲ. ಡಾಯ್ಲ್ ಬರೆದ ಅರವತ್ತು ಕಥೆಗಳಿಗೆ ‘ಕ್ಯಾನನ್’ ಎಂಬ ಹೆಸರೇ ನಿಂತಿತು. ನಾಕ್ಸ್ ಮುಂದೆ ಕಥೋಲಿಕರಾಗಿ, ಗುರುಗಳಾಗಿ, ಇಡೀ ಬೈಬಲನ್ನು ಇಂಗ್ಲಿಷಿಗೆ ಅನುವಾದಿಸಿದರು ಎಂಬುದು ನಮಗೆ ಇಷ್ಟವಾಗುವ ಸಂಗತಿ.

ಇಲ್ಲಿಂದ ಒಂದು ಪ್ರಶ್ನೆ ಹುಟ್ಟುತ್ತದೆ. ನಮ್ಮ ಯುವಜನರು ಅದನ್ನು ಮೆಲ್ಲಗೆ ಕೇಳುತ್ತಾರೆ, ಉಪದೇಶಿಗಳ ಎದುರು ಕೇಳುವುದಿಲ್ಲ. ಕಂಪನಿ ಕೂತು ಪಟ್ಟಿ ಮಾಡಿದಂತೆ ಧರ್ಮಾಧ್ಯಕ್ಷರೂ ಒಂದು ದಿನ ಕೂತು ಪಟ್ಟಿ ಮಾಡಿದರೇ? ‘ದ ಡಾ ವಿಂಚಿ ಕೋಡ್’ ನೋಡಿದವರು, 325ರ ನೈಸಿಯ ಮಹಾಸಭೆಯ ಹೊತ್ತಿನಲ್ಲಿ ಚಕ್ರವರ್ತಿಯೇ ಇದನ್ನೆಲ್ಲ ತೀರ್ಮಾನಿಸಿದ ಎಂದು ನಂಬಿದ್ದಾರೆ. ಆ ಸಭೆ ಕ್ರಿಸ್ತನ ದೈವತ್ವವನ್ನೂ ಪಾಸ್ಖ ಹಬ್ಬದ ದಿನವನ್ನೂ ಚರ್ಚಿಸಿತು. ಅದು ಹೊರಡಿಸಿದ ನಿಯಮಗಳಲ್ಲಿ ಗ್ರಂಥಗಳ ಪಟ್ಟಿಯೇ ಇಲ್ಲ. ಹೊಸ ಒಡಂಬಡಿಕೆಯ ಇಪ್ಪತ್ತೇಳು ಗ್ರಂಥಗಳು, ಅವಷ್ಟೇ, ಒಂದು ಪಟ್ಟಿಯಲ್ಲಿ ಕಾಣುವುದು 367ರಲ್ಲಿ ಸಂತ ಅಥನಾಸಿಯುಸರು ಬರೆದ ಪಾಸ್ಖ ಪತ್ರದಲ್ಲಿ. ಅಷ್ಟರಲ್ಲಿ ಆ ಶುಭಸಂದೇಶಗಳನ್ನು ಪೂಜೆಯಲ್ಲಿ ಓದುತ್ತಾ ಇನ್ನೂರು ವರ್ಷಕ್ಕೂ ಮೇಲಾಗಿತ್ತು. ಪಟ್ಟಿಗೆ ಕೊನೆಯ ಮುದ್ರೆ ಬಿದ್ದದ್ದು 1546ರಲ್ಲಿ, ಟ್ರೆಂಟ್ ಮಹಾಸಭೆಯಲ್ಲಿ. ಕಂಪನಿಯ ಲೋಕದಲ್ಲಿ ಪಟ್ಟಿ ಬಂತು, ಓದುಗರು ಹೊಂದಿಕೊಂಡರು. ಇಲ್ಲಿ ಓದು ಮೊದಲು, ಪಟ್ಟಿ ಆಮೇಲೆ.

ಹೀಗೆಂದು ಎಲ್ಲವೂ ಸಲೀಸಾಗಿ ನಡೆಯಿತು ಎನ್ನಲಾಗದು. ಹಿಬ್ರಿಯರಿಗೆ ಬರೆದ ಪತ್ರ, ಪೇತ್ರನ ಎರಡನೆಯ ಪತ್ರ, ಪ್ರಕಟನಾ ಗ್ರಂಥ, ಇವುಗಳ ಬಗ್ಗೆ ದೀರ್ಘಕಾಲ ಅನುಮಾನಗಳಿದ್ದವು. ‘ಹೆರ್ಮಾಸನ ಕುರುಬ’ ಎಂಬ ಗ್ರಂಥವನ್ನು ಕೆಲವೆಡೆ ಭಕ್ತಿಯಿಂದ ಓದುತ್ತಿದ್ದರು. ನಾಲ್ಕನೆಯ ಶತಮಾನದ ಸಿನಾಯ್ ಹಸ್ತಪ್ರತಿಯಲ್ಲಿ ಅದು ಹೊಸ ಒಡಂಬಡಿಕೆಯ ಜೊತೆಗೇ ಇದೆ. ಕೊನೆಗೆ ಅದು ಹೊರಗುಳಿಯಿತು. ಅದನ್ನು ಪ್ರೀತಿಸಿದವರಿಗೆ ನೋವಾಗಿರಬೇಕು. ಅಧಿಕಾರ ಇಲ್ಲಿ ಕೆಲಸ ಮಾಡಲೇ ಇಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಪಟ್ಟಿ ಮಾಡಿದವರು ಅದೇ ಕೋಲಿನಿಂದ ತಮ್ಮನ್ನೂ ಅಳೆದುಕೊಳ್ಳಬೇಕಾಯಿತು. ಧರ್ಮಸಭೆಯ ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವಕ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ ಕಲಿಸಿದೆ. ಕಂಪನಿಗೆ ಈ ಕಟ್ಟು ಇಲ್ಲ. ನಾಳೆ ಇನ್ನೊಂದು ಪ್ರಕಟಣೆ ಬರಬಹುದು.

ಹೊರಗುಳಿದದ್ದರ ಗತಿ ಏನು? ಮಾತೆ ಮರಿಯಮ್ಮನವರ ತಂದೆತಾಯಿಯ ಹೆಸರು ಬೈಬಲಿನಲ್ಲಿ ಎಲ್ಲೂ ಇಲ್ಲ. ಜೋಕಿಮರು, ಅನ್ನಮ್ಮನವರು ನಮಗೆ ಸಿಗುವುದು ಎರಡನೆಯ ಶತಮಾನದ, ಯಾಕೋಬನ ಹೆಸರಿನಲ್ಲಿರುವ ಒಂದು ಗ್ರಂಥದಿಂದ. ಅದು ಪಟ್ಟಿಯಲ್ಲಿಲ್ಲ. ಆದರೂ ಜುಲೈ 26ರಂದು ಅವರಿಬ್ಬರ ಹಬ್ಬ ಮಾಡುತ್ತೇವೆ, ಹೆಣ್ಣುಮಕ್ಕಳಿಗೆ ಅನ್ನಮ್ಮ ಎಂದು ಹೆಸರಿಡುತ್ತೇವೆ. ಸ್ಟಾರ್ ವಾರ್ಸ್‌ನಲ್ಲೂ 1991ರ ಕಾದಂಬರಿಯೊಂದರಲ್ಲಿ ಹುಟ್ಟಿದ ಸೇನಾಪತಿ ಥ್ರಾನ್ 2014ರಲ್ಲಿ ಹೊರಬಿದ್ದು, 2016ರಲ್ಲಿ ಟಿವಿ ಸರಣಿಯ ಮೂಲಕ ಒಳಗೆ ಬಂದ. ಅಳತೆಯ ಕೋಲು ಅಲ್ಲ ಎಂದಮಾತ್ರಕ್ಕೆ ಮನೆಯಲ್ಲಿರುವ ಮರವನ್ನೆಲ್ಲ ಒಲೆಗೆ ಹಾಕಬೇಕಿಲ್ಲ. ತಮಿಳು, ತೆಲುಗು, ಕನ್ನಡ ಮೂರೂ ಇರುವ ನಮ್ಮ ಧರ್ಮಪ್ರಾಂತ್ಯದಲ್ಲಿ ಕನ್ನಡದ ಅಜ್ಜಿಯರು ಹೇಳುವ ಸಂತರ ಕಥೆಗಳು ಯಾವ ಪುಸ್ತಕದಲ್ಲೂ ಇಲ್ಲ. ಇಲ್ಲ ಎಂಬ ಕಾರಣಕ್ಕೆ ಅವರನ್ನು ನಡುವೆ ತಡೆದು ತಿದ್ದುವ ಹುಡುಗರನ್ನು ಕಂಡರೆ ನಮಗೆ ಸಿಟ್ಟು ಬರುತ್ತದೆ.

ಹಾಗೆಂದು ಯಾರಿಗೆ ಬೇಕಾದ್ದು ಅವರವರ ಪಟ್ಟಿ ಎನ್ನಲಾದೀತೇ? ಸಿನಿಮಾ ವಿಷಯದಲ್ಲಿ ಧಾರಾಳವಾಗಿ ಎನ್ನಬಹುದು. ಚ್ಯುಬಾಕ ನಿಮಗೆ ಸತ್ತಿರಲಿ, ನಮಗೆ ಬದುಕಿರಲಿ, ಯಾರ ಮನೆಯೂ ಮುರಿಯುವುದಿಲ್ಲ. ಆದರೆ ಮಕ್ಕಬಿಯರ ಎರಡನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ ಯೂದನು ಯುದ್ಧದಲ್ಲಿ ಮಡಿದವರಿಗಾಗಿ ಪ್ರಾರ್ಥನೆ ಮಾಡಿಸುತ್ತಾನೆ. ನವೆಂಬರಿನಲ್ಲಿ ಸಮಾಧಿಗಳ ಬಳಿ ಮೇಣದಬತ್ತಿ ಹಚ್ಚಿ ನಿಲ್ಲುವಾಗ ನಾವು ನೆಚ್ಚಿಕೊಂಡಿರುವುದು ಆ ಮಾತನ್ನೂ ಸಹ. ಅದು ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂಬುದು ಅಪ್ಪನನ್ನು ಕಳೆದುಕೊಂಡವರಿಗೆ ಚರ್ಚಾಸ್ಪರ್ಧೆಯ ವಿಷಯವಲ್ಲ.

ಮುಂದಿನ ಯುವಕೂಟದಲ್ಲಿ ತೊಬೀತನ ಗ್ರಂಥವನ್ನು ಪೂರ್ತಿ ಓದೋಣ ಎಂದುಕೊಂಡಿದ್ದೇವೆ. ಮದುವೆಯ ಪೂಜೆಯಲ್ಲಿ ಅದರ ಒಂದು ತುಣುಕು ಕೇಳಿರುತ್ತೀರಿ. ಪ್ರಯಾಣದುದ್ದಕ್ಕೂ ಹಿಂದೆ ಬರುವ ನಾಯಿಯನ್ನು ಬಹಳ ಮಂದಿ ಕಂಡಿಲ್ಲ. ಮನೆಯ ಬೈಬಲಿನಲ್ಲಿ ಅರವತ್ತಾರೇ ಗ್ರಂಥಗಳಿದ್ದರೆ ಅದರಲ್ಲಿ ತೊಬೀತ ಸಿಗುವುದಿಲ್ಲ. ಎಪ್ಪತ್ತಮೂರು ಗ್ರಂಥಗಳಿರುವುದನ್ನು ತಂದವರ ಪಕ್ಕದಲ್ಲಿ ಕುಳಿತುಕೊಳ್ಳಿ.